ಬದುಕಿ ಉಳಿದರೆ ಸಾಕೇ? ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ಜೀವನ

"ಆಪರೇಷನ್ ಆಯಿತು, ಕೀಮೋ ಮುಗಿಯಿತು, ಇನ್ನೇನೂ ಭಯವಿಲ್ಲ." ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದ ಮಹಿಳೆಯನ್ನು ಕಾಣಲು ಹೋದಾಗ ಮನೆಯವರು ಹೇಳುವ ಮಾತಿದು. "ಹೇಗಿದ್ದೀರಿ?" ಎಂದು ನಾವು ಕೇಳುತ್ತೇವೆ. "ಪರವಾಗಿಲ್ಲ" ಎಂದು ಆಕೆ ಹೇಳುತ್ತಾಳೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಆಕೆಯ ಕಷ್ಟ ಮುಗಿದಿದೆಯೇ?

2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಭಾರತದಲ್ಲಿ ಈ ಸಂಖ್ಯೆ ಸುಮಾರು 1.92 ಲಕ್ಷ. ಬೇಗನೆ ಪತ್ತೆಯಾಗಿ ಸರಿಯಾದ ಚಿಕಿತ್ಸೆ ದೊರೆತರೆ ಅನೇಕರು ದೀರ್ಘಕಾಲ ಬದುಕುತ್ತಾರೆ. ಆದುದರಿಂದಲೇ ಅವರು ಎಷ್ಟು ವರ್ಷ ಬದುಕುತ್ತಾರೆ ಎಂಬುದರ ಜೊತೆಗೆ ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆಯೂ ಮುಖ್ಯವಾಗುತ್ತದೆ.

ಜೀವನದ ಗುಣಮಟ್ಟ ಎಂದರೇನು?

ಇದು ವೈದ್ಯರು ಹೊರಗಿನಿಂದ ನೋಡಿ ಹೇಳುವ ಸಂಗತಿಯಲ್ಲ, ರೋಗಿಯೇ ಹೇಳಬೇಕಾದುದು. ಇದಕ್ಕಾಗಿ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಇಒಆರ್‌ಟಿಸಿ 30 ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ 1993ರಲ್ಲಿ ಪ್ರಕಟಿಸಿತು. 1996ರಲ್ಲಿ ಸ್ತನ ಕ್ಯಾನ್ಸರಿಗೆಂದೇ ಇನ್ನೂ 23 ಪ್ರಶ್ನೆಗಳು ಬಂದವು. ನಿದ್ದೆ, ಆಯಾಸ, ಕೈನೋವು, ಹಣದ ತೊಂದರೆ, ದಾಂಪತ್ಯ, ಮುಂದಿನ ದಿನಗಳ ಚಿಂತೆ ಎಲ್ಲವೂ ಅದರಲ್ಲಿವೆ. "ಪರವಾಗಿಲ್ಲ" ಎಂಬ ಒಂದೇ ಉತ್ತರದ ಹಿಂದೆ ಏನೇನು ಅಡಗಿರಬಹುದೆಂಬುದು ಈ ಪಟ್ಟಿಯನ್ನು ನೋಡಿದರೆ ತಿಳಿಯುತ್ತದೆ.

ಕೈಯ ಬಾವು

ರೋಗ ಹರಡಿದೆಯೇ ಎಂದು ತಿಳಿಯಲು ಹಾಗೂ ಹರಡಿದ್ದರೆ ತೆಗೆಯಲು ಕಂಕುಳಿನ ದುಗ್ಧಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುತ್ತಾರೆ. ಇದರಿಂದ ಕೈಯಿಂದ ಹರಿದು ಹೋಗಬೇಕಾದ ದ್ರವ ಅಲ್ಲಿಯೇ ನಿಂತು ಕೈ ಬಾತುಕೊಳ್ಳಬಹುದು. ಹೆಚ್ಚು ಗ್ರಂಥಿಗಳನ್ನು ತೆಗೆದಾಗ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮೊದಲ ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸುವ ವಿಧಾನದಲ್ಲಿ ಈ ತೊಂದರೆ ಬಹಳ ಕಡಿಮೆ.

ಬಾವು ತಿಂಗಳುಗಳ ಅಥವಾ ವರ್ಷಗಳ ನಂತರವೂ ಬರಬಹುದು. ಬಳೆ ಬಿಗಿಯಾಗುವುದು, ಕೈ ಭಾರವೆನಿಸುವುದು ಇದರ ಮೊದಲ ಸೂಚನೆ. ಆಗಲೇ ಫಿಸಿಯೋಥೆರಪಿಸ್ಟರನ್ನು ಕಂಡರೆ ವ್ಯಾಯಾಮ ಹಾಗೂ ಕೈಗೆ ಹಾಕುವ ಬಿಗಿಯಾದ ತೋಳುಚೀಲದಿಂದ ಹತೋಟಿಯಲ್ಲಿಡಬಹುದು. ಆ ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

"ಆ ಕೈಯಲ್ಲಿ ಇನ್ನು ಕೊಡಪಾನ ಎತ್ತಲೇಬಾರದು" ಎಂಬುದು ಹಳೆಯ ನಂಬಿಕೆ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾವು ಇದ್ದ ಮಹಿಳೆಯರು ತರಬೇತಿಯೊಂದಿಗೆ ಭಾರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ ಎತ್ತಿದಾಗ ಬಾವು ಹೆಚ್ಚಾಗಲಿಲ್ಲ. ಒಮ್ಮೆಲೇ ಅಲ್ಲ, ಹಂತ ಹಂತವಾಗಿ ಎಂಬುದೇ ಇಲ್ಲಿ ಮುಖ್ಯ.

ಆಯಾಸ, ಜೋಮು ಮತ್ತು ಮಾತ್ರೆಗಳು

ಕೀಮೋ ನಂತರದ ಆಯಾಸ ಮಲಗಿದರೆ ಹೋಗುವಂಥದ್ದಲ್ಲ. ಅದು ಸೋಮಾರಿತನವೂ ಅಲ್ಲ. ದಿನವೂ ಸ್ವಲ್ಪ ನಡೆಯುವುದರಿಂದ ಅದು ಕಡಿಮೆಯಾಗುತ್ತದೆ. ಕೆಲವು ಔಷಧಿಗಳಿಂದ ಬೆರಳ ತುದಿಗಳಿಗೆ ಜೋಮು ಹಿಡಿಯುತ್ತದೆ. ಬೀಡಿ ಕಟ್ಟಿ, ಹೊಲಿಗೆ ಮಾಡಿ ಸಂಸಾರ ನಡೆಸುವ ನಮ್ಮ ಕರಾವಳಿಯ ಮಹಿಳೆಗೆ ಇದು ಸಣ್ಣ ತೊಂದರೆಯೇ? ಕೀಮೋ ನಡೆಯುತ್ತಿರುವಾಗಲೇ ಇದನ್ನು ತಿಳಿಸಿದರೆ ವೈದ್ಯರು ಔಷಧಿಯ ಪ್ರಮಾಣವನ್ನು ಸರಿಪಡಿಸಬಹುದು.

ಹಾರ್ಮೋನಿಗೆ ಸಂಬಂಧಿಸಿದ ಕ್ಯಾನ್ಸರ್ ಇದ್ದವರು 5ರಿಂದ 10 ವರ್ಷ ಮಾತ್ರೆ ಸೇವಿಸಬೇಕಾಗುತ್ತದೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ಗಂಟುನೋವು ತಾಳಲಾರದೆ ಕೆಲವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಇದು ಅಪಾಯಕರ, ರೋಗ ಮರುಕಳಿಸುವ ಸಾಧ್ಯತೆ ಹೆಚ್ಚುತ್ತದೆ. ವೈದ್ಯರಲ್ಲಿ ಹೇಳಿಕೊಂಡರೆ ಮಾತ್ರೆ ಬದಲಾಯಿಸಲೂ ಸಾಧ್ಯವಿದೆ.

ಕನ್ನಡಿಯ ಮುಂದೆ

ಸ್ತನವನ್ನು ಕಳೆದುಕೊಂಡ ದುಃಖವನ್ನು ಹೇಳಿಕೊಳ್ಳಲು ಮಹಿಳೆಯರು ನಾಚುತ್ತಾರೆ. "ಜೀವ ಉಳಿಯಿತಲ್ಲ, ಈ ಪ್ರಾಯದಲ್ಲಿ ಅಂದವೇಕೆ?" ಎಂಬ ಮಾತು ಅವರ ಬಾಯಿ ಮುಚ್ಚಿಸುತ್ತದೆ. ಆರಂಭದ ಹಂತದಲ್ಲಿ ಗಡ್ಡೆಯನ್ನು ಮಾತ್ರ ತೆಗೆದು ವಿಕಿರಣ ಚಿಕಿತ್ಸೆ ನೀಡಿದರೂ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲವೆಂದು 2002ರಲ್ಲಿ ಪ್ರಕಟವಾದ, 20 ವರ್ಷ ಗಮನಿಸಿದ ಎರಡು ಅಧ್ಯಯನಗಳು ತೋರಿಸಿವೆ. ಎಲ್ಲರಿಗೂ ಇದು ಹೊಂದುವುದಿಲ್ಲ. ಆದರೆ "ನನಗೆ ಸಾಧ್ಯವೇ?" ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳುವುದು ಆಕೆಯ ಹಕ್ಕು. ಸ್ತನ ತೆಗೆದವರಿಗೆ ಒಳಉಡುಪಿನಲ್ಲಿ ಇಡುವ ಕೃತಕ ಸ್ತನಗಳೂ ದೊರೆಯುತ್ತವೆ.

ನಾವು ಏನು ಮಾಡಬಹುದು?

ಚಿಕಿತ್ಸೆಯ ವೆಚ್ಚಕ್ಕೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ನಿಂತುಹೋದ ಕೂಲಿಗೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ನೆರೆಹೊರೆಯೇ ಆಸರೆ. ಇದೇ ರೋಗವನ್ನು ದಾಟಿ ಬಂದ ಮಹಿಳೆಯ ಭೇಟಿಯೂ ದೊಡ್ಡ ಬಲ. 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲಾಸರ್ ತಮ್ಮ ಶಸ್ತ್ರಚಿಕಿತ್ಸೆಯ ಬಳಿಕ ಇತರ ರೋಗಿಗಳನ್ನು ಹೀಗೆಯೇ ಭೇಟಿಯಾಗತೊಡಗಿದರು. ಅದು ಮುಂದೆ ಹಲವು ದೇಶಗಳಿಗೆ ಹರಡಿತು.

ಪ್ರಿಯ ಓದುಗರೇ, ಮುಂದಿನ ಸಲ ಅಂತಹ ಮನೆಗೆ ಹೋದಾಗ "ಹೇಗಿದ್ದೀರಿ?" ಎಂದಷ್ಟೇ ಕೇಳಿ ಎದ್ದು ಬರುವುದು ಬೇಡ. "ಕೈ ಎತ್ತಲು ಆಗುತ್ತದೆಯೇ? ನಿದ್ದೆ ಬರುತ್ತದೆಯೇ? ಆಸ್ಪತ್ರೆಗೆ ಜೊತೆಗೆ ಬರಲೇ?" ಎಂದು ಕೇಳೋಣ. ಉತ್ತರ ಬರುವವರೆಗೆ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿರೋಣ.