ಡೆಲೋನೆ-ಬೆಲ್‌ವಿಲ್: ಬಾಯ್ಲರು ತಯಾರಕರ ರಾಜವಾಹನ

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್‌ರಾಯ್ಸ್ ಕಾರನ್ನು ನೋಡಿ ಬೆರಗಾಗದವರು ವಿರಳ. ಅದು ನಿರ್ಮಾಣವಾದ ಕಾಲದಲ್ಲಿ, ಅಂದರೆ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ, ಅದಕ್ಕೆ ಸರಿಸಾಟಿಯೆನಿಸಿದ್ದ ಫ್ರೆಂಚ್ ಹೆಸರೊಂದಿತ್ತು: ಡೆಲೋನೆ-ಬೆಲ್‌ವಿಲ್.

ಈ ಸಂಸ್ಥೆಯ ಮೂಲ ಕಸುಬು ಮೋಟಾರಲ್ಲ, ಉಗಿಯಂತ್ರ. ಜೂಲಿಯೆನ್ ಬೆಲ್‌ವಿಲ್ ರೂಪಿಸಿದ ಬಾಯ್ಲರಿನಲ್ಲಿ ನೀರು ಕೊಳವೆಗಳೊಳಗೆ ಹರಿಯುತ್ತಿತ್ತು, ಬೆಂಕಿ ಹೊರಗೆ ಉರಿಯುತ್ತಿತ್ತು. ಆದ್ದರಿಂದ ಉಗಿ ಬಹುಬೇಗ ಏಳುತ್ತಿತ್ತು. ಬ್ರಿಟಿಷ್ ನೌಕಾದಳವೂ ತನ್ನ ಯುದ್ಧನೌಕೆಗಳಿಗೆ ಇದನ್ನು ಅಳವಡಿಸಿಕೊಂಡಿತ್ತು. ಬೆಲ್‌ವಿಲ್ಲನ ಅಳಿಯ ಲೂಯಿ ಡೆಲೋನೆ ಮಾವನ ಹೆಸರನ್ನು ತನ್ನ ಹೆಸರಿಗೆ ಜೋಡಿಸಿಕೊಂಡು, ಪ್ಯಾರಿಸ್ ಸಮೀಪದ ಸೇಂಟ್ ಡೆನಿಸಿನಲ್ಲಿ ಮೋಟಾರು ತಯಾರಿಕೆಗೆ ಕೈಹಾಕಿದನು. ಜರ್ಮನಿಯ ಬೆಂಟ್ಸ್ ಕಂಪನಿಯಲ್ಲಿ ದುಡಿದು ಬಂದಿದ್ದ ಮಾರಿಯುಸ್ ಬಾರ್ಬರೂ ಎಂಜಿನಿಯರಾದನು. 1904ರ ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲ ಕಾರುಗಳು ಕಾಣಿಸಿಕೊಂಡವು. ಅವುಗಳ ರೇಡಿಯೇಟರು ಗುಂಡಗಿತ್ತು. ಹಳೆಯ ಬಾಯ್ಲರಿನ ನೆನಪನ್ನು ಕಾರು ಮುಖದಲ್ಲಿಯೇ ಹೊತ್ತಿತ್ತು.

ರಷ್ಯದ ಚಕ್ರವರ್ತಿ ಎರಡನೆಯ ನಿಕೋಲಸ್ ಇದರ ಗಿರಾಕಿ. ಅವನ ಕಾರನ್ನು ಒತ್ತಿದ ಗಾಳಿಯ ಬಲದಿಂದ ಚಾಲೂ ಮಾಡಬಹುದಾಗಿತ್ತು. ಇದು ಕೇವಲ ರಾಜವೈಭೋಗವಲ್ಲ. ಆಗ ಕಾರನ್ನು ಹ್ಯಾಂಡಲ್ ತಿರುಗಿಸಿಯೇ ಹೊರಡಿಸಬೇಕಿತ್ತು. ಎಂಜಿನು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಮಣಿಕಟ್ಟಿನ ಬಳಿಯ ಒಂದು ಬಗೆಯ ಮೂಳೆಮುರಿತವನ್ನು ವೈದ್ಯರು ಇಂದಿಗೂ 'ಶೋಫರನ ಮುರಿತ'ವೆಂದೇ ಕರೆಯುತ್ತಾರೆ. ಒಡೆಯನ ಸುಖದ ಬೆಲೆಯನ್ನು ತೆತ್ತವನು ಚಾಲಕ!

ಬ್ಯಾಂಕುಗಳ ಇತಿಹಾಸದಲ್ಲಿಯೂ ಈ ಕಾರಿಗೆ ಸ್ಥಾನವಿದೆ, ಗೌರವದ್ದಲ್ಲ. 1911ರ ಡಿಸೆಂಬರ್ 21ರಂದು ಬೆಳಿಗ್ಗೆ ಪ್ಯಾರಿಸಿನ ಆರ್ಡನೇರ್ ಬೀದಿಯಲ್ಲಿ ಸೊಸಿಯೆತೆ ಜೆನೆರಾಲ್ ಬ್ಯಾಂಕಿನ ಹಣ ಒಯ್ಯುವ ನೌಕರನಿಗೆ ಬೊನ್ನೋನ ತಂಡದವರು ಗುಂಡಿಕ್ಕಿ, ಚೀಲ ಕಸಿದು, ಕದ್ದ ಡೆಲೋನೆ-ಬೆಲ್‌ವಿಲ್ ಕಾರಿನಲ್ಲಿ ಪರಾರಿಯಾದರು. ದರೋಡೆಗೆ ಮೋಟಾರು ಬಳಸಿದ ಮೊದಮೊದಲ ಪ್ರಕರಣಗಳಲ್ಲಿ ಇದೊಂದು. ಗಾಯಗೊಂಡ ನೌಕರ ಬದುಕಿಕೊಂಡನು. ಚೀಲದಲ್ಲಿದ್ದುದರಲ್ಲಿ ಹೆಚ್ಚಿನ ಪಾಲು ನಗದಾಗಿರಲಿಲ್ಲ. ಸುಲಭವಾಗಿ ಮಾರಲಾಗದ ಪತ್ರಗಳೇ ಆಗಿದ್ದವು. ಕಾರನ್ನು ಕಳ್ಳರು ದಿಯೆಪ್ ಪಟ್ಟಣದ ಸಮುದ್ರತೀರದಲ್ಲಿ ಬಿಟ್ಟುಹೋದರು.

ಲೂಯಿ 1912ರಲ್ಲಿ ತೀರಿಕೊಂಡನು. ಯುದ್ಧ ಮುಗಿಯುವಷ್ಟರಲ್ಲಿ ರಷ್ಯದ ಸಿಂಹಾಸನವೇ ಇರಲಿಲ್ಲ. ಕೆಲವೇ ಶ್ರೀಮಂತರನ್ನು ನೆಚ್ಚಿದ ವ್ಯಾಪಾರದಲ್ಲಿ ಒಬ್ಬ ಗಿರಾಕಿ ಹೋದರೂ ಲೆಕ್ಕಪುಸ್ತಕ ಅಲುಗುತ್ತದೆ. ಇಲ್ಲಿ ಒಂದು ವರ್ಗವೇ ಕರಗಿತ್ತು. ಇತ್ತ ಸಿಟ್ರೊಯೆನ್ 1919ರಿಂದ ಸಾಮಾನ್ಯರಿಗೆ ಕಾರುಗಳನ್ನು ರಾಶಿರಾಶಿಯಾಗಿ ತಯಾರಿಸತೊಡಗಿತ್ತು. ಎರಡನೆಯ ಮಹಾಯುದ್ಧಾನಂತರ ಸೇಂಟ್ ಡೆನಿಸಿನ ಕಾರ್ಖಾನೆ ರೋವಾಂ ಎಂಬುವರ ಪಾಲಾಯಿತು. ಚಕ್ರವರ್ತಿಯ ರಥ ಸಿದ್ಧವಾದ ಆ ಅಂಗಳದಿಂದ, ಇಬ್ಬರಷ್ಟೇ ಕೂರಬಹುದಾದ ಪುಟ್ಟ ಕಾರುಗಳು ಹೊರಬರತೊಡಗಿದವು.