ಜಾಲತಾಣದ ಕರಡುಚಿತ್ರಕ್ಕೆ ತಕ್ಕ ತಂತ್ರಾಂಶ

ಜಾಲತಾಣವೊಂದನ್ನು ಕಟ್ಟುವ ಮೊದಲು ಅದರ ಪುಟಗಳ ರೂಪವನ್ನು ಚಿತ್ರವಾಗಿ ಬರೆದುಕೊಳ್ಳುವುದು ವಾಡಿಕೆ. ಅದಕ್ಕೆ ಯಾವ ತಂತ್ರಾಂಶವು ಯೋಗ್ಯವೆಂಬುದನ್ನು ಕನ್ನಡಿಗನು ಒತ್ತಕ್ಷರದಿಂದಲೇ ಪರೀಕ್ಷಿಸತಕ್ಕದ್ದು. ‘ಮೂಡುಬಿದಿರೆ’ ಎಂದು ಬರೆದು ನೋಡಿ ತೃಪ್ತಿಪಡುವಂತಿಲ್ಲ. ಆ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲ. ‘ಬಂಟ್ವಾಳ’, ‘ಬೆಳ್ತಂಗಡಿ’ ಎಂದು ಬರೆದಾಗಲೇ ನಿಜಸ್ಥಿತಿ ತಿಳಿಯುವುದು.

1990ರಲ್ಲಿ ಹೊರಬಂದ ಫೋಟೋಶಾಪ್ ಛಾಯಾಚಿತ್ರಗಳನ್ನು ತಿದ್ದುವುದರಲ್ಲಿ ಬಹು ಸಮರ್ಥ. ಆದರೆ ಅದರ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ತಕ್ಕ ಜೋಡಣೆಯನ್ನು ಆರಿಸಿಕೊಳ್ಳದಿದ್ದರೆ ಬಂಟ್ವಾಳದ ವಕಾರವು ಟಕಾರದ ಅಡಿಗಿಳಿಯದೆ ಪಕ್ಕದಲ್ಲಿಯೇ ನಿಲ್ಲುತ್ತಿತ್ತು. ತನ್ನೂರಿನ ಹೆಸರೇ ಹೀಗೆ ಮುರಿದಿರುವ ಪುಟವನ್ನು ಯಾವ ದಾನಿಯು ಮೆಚ್ಚಿಯಾನು? ಮೇಲಾಗಿ ಅದಕ್ಕೆ ಚಂದಾ ತೆರಬೇಕು. 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಉಚಿತ, ಯೂನಿಕೋಡ್ ಕನ್ನಡದ ಒತ್ತುಗಳನ್ನು ಸರಿಯಾಗಿ ಕೂಡಿಸುತ್ತದೆ, ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಸಣ್ಣ ಶಾಲೆಗೆ ಇದೇ ಲೇಸು. ಫಿಗ್ಮಾದಲ್ಲಿ ಮೂರು ಊರುಗಳ ಮೂವರು ಒಂದೇ ಪುಟವನ್ನು ಏಕಕಾಲಕ್ಕೆ ತಿದ್ದಬಹುದು. ಮಳೆಗಾಲದಲ್ಲಿ ಸಂಪರ್ಕ ಕಡಿದರೆ ಮಾತ್ರ ಕೆಲಸವು ಕುಂಟುವುದು.

ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಚಿತ್ರವು ಕಣ್ಣಿಗೆ ಸೊಗಸಾಗಿಯೇ ಕಾಣುವುದು. ಅದೇ ಬರಹವನ್ನು ಜಾಲತಾಣಕ್ಕಿಳಿಸಿದಾಗ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುವುದು. ಆದುದರಿಂದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡ ಬಳಿಕವೇ ಚಿತ್ರಕ್ಕೆ ಕೈಹಾಕತಕ್ಕದ್ದು.