ಹಲಾಲ್ ಊಟವೂ ಆರೋಗ್ಯವೂ

ಇಂಡೋನೇಷ್ಯದ ಜಾವಾ ದ್ವೀಪದಲ್ಲಿ ‘ಪೆಸಾಂತ್ರೆನ್’ ಎಂಬ ಇಸ್ಲಾಮೀ ವಿದ್ಯಾಲಯಗಳು ಬಹುಕಾಲದಿಂದ ನಡೆದುಬಂದಿವೆ. ನಮ್ಮ ಗುರುಕುಲಗಳಂತೆ ಅಲ್ಲಿಯೂ ವಿದ್ಯಾರ್ಥಿಗಳು ಗುರುವಿನ ಆಶ್ರಯದಲ್ಲಿದ್ದು ಓದುತ್ತಾರೆ. ನೂರಾರು, ಕೆಲವೆಡೆ ಸಾವಿರಾರು ಮಕ್ಕಳಿಗೆ ಒಂದೇ ಅಡುಗೆಮನೆಯಲ್ಲಿ ಅನ್ನ ಬೇಯುತ್ತದೆ. ಮನೆಯ ಅಡುಗೆ ಕೆಟ್ಟರೆ ನಾಲ್ವರಿಗೆ ತೊಂದರೆ. ಇಲ್ಲಿ ಒಂದು ಹಂಡೆ ಕೆಟ್ಟರೆ ಶಾಲೆಗೆ ಶಾಲೆಯೇ ಹಾಸಿಗೆ ಹಿಡಿದೀತು. ಇಂಥ ಅಡುಗೆಮನೆಯು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಆಹಾರವು ಧರ್ಮಸಮ್ಮತವೇ? ಅದು ನಿರಪಾಯವೇ? ಕುರಾನಿನಲ್ಲಿಯೂ ‘ಹಲಾಲ್’ ಎಂಬ ಮಾತಿನೊಡನೆ ‘ತಯ್ಯಿಬ್’, ಎಂದರೆ ಒಳ್ಳೆಯದು, ಶುದ್ಧವಾದುದು, ಎಂಬ ಮಾತು ಬರುತ್ತದೆ.

ಮೊದಲನೆಯ ಪ್ರಶ್ನೆ ಮೇಲ್ನೋಟಕ್ಕೆ ಸುಲಭವಾದುದು. ಹಂದಿಯ ಮಾಂಸ, ರಕ್ತ, ಮದ್ಯ ಇವು ನಿಷಿದ್ಧ. ಪ್ರಾಣಿಯನ್ನು ವಿಧಿಯಂತೆ ಕೊಯ್ದಿರಬೇಕು. ಆದರೆ ಇಂದು ಅನೇಕ ಪದಾರ್ಥಗಳು ಕಾರ್ಖಾನೆಗಳಿಂದ ಬರುತ್ತವೆ. ಜೆಲಟಿನ್ ದನದ ಮೂಳೆಯಿಂದಲೂ ಆಗುತ್ತದೆ, ಹಂದಿಯ ಚರ್ಮದಿಂದಲೂ ಆಗುತ್ತದೆ. ಕಣ್ಣಿಗೆ ಭೇದ ಕಾಣದು. 2001ರ ಆರಂಭದಲ್ಲಿ ಇಂಡೋನೇಷ್ಯದಲ್ಲಿ ಒಂದು ರುಚಿಕಾರಕ ಪುಡಿಯನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಆ ಪುಡಿಯನ್ನು ಉತ್ಪಾದಿಸುವ ಏಕಾಣುಜೀವಿಗಳಿಗೆ ಒದಗಿಸಿದ ಪೋಷಕದ್ರವ್ಯವನ್ನು ಹಂದಿಯಿಂದ ಪಡೆದ ಕಿಣ್ವದ ಸಹಾಯದಿಂದ ತಯಾರಿಸಲಾಗಿತ್ತು. ಆದುದರಿಂದ ಸಿದ್ಧವಸ್ತುವನ್ನಷ್ಟೇ ಪರೀಕ್ಷಿಸಿದರೆ ಸಾಲದು, ತಯಾರಿಕೆಯ ಪ್ರತಿಯೊಂದು ಹೆಜ್ಜೆಯನ್ನೂ ನೋಡಬೇಕು. 2014ರ ಕಾಯಿದೆಯು ಅಲ್ಲಿ ಹಲಾಲ್ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. 2019ರಿಂದ ಅದು ಹಂತಹಂತವಾಗಿ ಜಾರಿಗೆ ಬರತೊಡಗಿತು.

ಆದರೆ ಪ್ರಮಾಣಪತ್ರವು ರೋಗಾಣುವನ್ನು ಕೊಲ್ಲಲಾರದು. ಎಣ್ಣೆ ತೆಗೆದ ಕೊಬ್ಬರಿಯ ಹಿಂಡಿಯನ್ನು ಹುದುಗಿಸಿ ಮಾಡುವ ‘ತೆಂಪೆ ಬೋಂಗ್ಕ್ರೆಕ್’ ಎಂಬುದು ಜಾವಾದ ಬಡವರ ತಿನಿಸಾಗಿತ್ತು. ಅದರಲ್ಲಿ ಪ್ರಾಣಿಜನ್ಯವಾದುದು ಏನೂ ಇರಲಿಲ್ಲ. ಆದರೂ ಒಮ್ಮೊಮ್ಮೆ ಅದರಲ್ಲಿ ಬೆಳೆಯುತ್ತಿದ್ದ ಏಕಾಣುಜೀವಿಯ ವಿಷದಿಂದ ಅನೇಕರು ಸತ್ತರು. 1988ರಲ್ಲಿ ಅದರ ತಯಾರಿಕೆಯನ್ನು ನಿಷೇಧಿಸಲಾಯಿತು.

ಅನ್ನದಲ್ಲಿಯೂ ಅಪಾಯವುಂಟು. ಬ್ಯಾಸಿಲಸ್ ಸೀರಿಯಸ್ ಎಂಬ ಏಕಾಣುಜೀವಿಯ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಬದುಕಿ ಉಳಿಯಬಲ್ಲವು. ಬೆಂದ ಅನ್ನವನ್ನು ದೊಡ್ಡ ಹಂಡೆಯಲ್ಲಿಯೇ ಬಿಟ್ಟರೆ ಅದರ ಒಡಲು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಆಗ ಬೀಜಾಣುಗಳು ಮೊಳೆತು, ವೃದ್ಧಿಯಾಗಿ, ವಿಷವನ್ನು ಉಂಟುಮಾಡುತ್ತವೆ. ಮತ್ತೆ ಕುದಿಸಿದರೆ ಏಕಾಣುಜೀವಿಗಳು ಸತ್ತಾವು. ವಾಂತಿ ತರಿಸುವ ವಿಷವು ಮಾತ್ರ ನಾಶವಾಗದು. ಸಾಮಾನ್ಯವಾಗಿ 5ರಿಂದ 60 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯೇ ಅಪಾಯದ ವಲಯ. ಆದುದರಿಂದ ಅನ್ನವನ್ನು ಬಡಿಸುವವರೆಗೆ 60 ಡಿಗ್ರಿಗಿಂತ ಬಿಸಿಯಾಗಿಡಬೇಕು; ಉಳಿದುದನ್ನು ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ತಣ್ಣಗಿನ ಪೆಟ್ಟಿಗೆಯಲ್ಲಿರಿಸಬೇಕು. ಹಸಿಮಾಂಸದ ಚಾಕು, ಹಲಗೆಗಳು ಬೇರೆಯೇ ಇರಬೇಕು.

1960ರ ದಶಕದಲ್ಲಿ ಅಮೆರಿಕದಲ್ಲಿ ಗಗನಯಾತ್ರಿಗಳ ಆಹಾರಕ್ಕಾಗಿ ಒಂದು ಕ್ರಮವನ್ನು ರೂಪಿಸಿದರು. ಕೇಡು ಯಾವ ಹೆಜ್ಜೆಯಲ್ಲಿ ಒಳಸೇರಬಹುದು, ಅದನ್ನು ಎಲ್ಲಿ ತಡೆಯಬಹುದು ಎಂಬುದನ್ನು ಮೊದಲೇ ಗುರುತಿಸಿ, ಅಲ್ಲಿಯೇ ಅಳೆದು ಬರೆದಿಡುವುದು ಅದರ ತಿರುಳು. ಹಲಾಲ್ ಪರೀಕ್ಷಕನು ಬಯಸುವುದೂ ಇಂಥದೇ ಕ್ರಮವನ್ನು. ಒಂದೇ ಪುಸ್ತಕದಲ್ಲಿ ಮಾಂಸ ಎಲ್ಲಿಂದ ಬಂದಿತೆಂಬುದನ್ನೂ ಅನ್ನದ ಉಷ್ಣತೆ ಎಷ್ಟಿತ್ತೆಂಬುದನ್ನೂ ಬರೆಯಬಹುದು. ಉಷ್ಣಮಾಪಕ, ಸಾಬೂನು, ಅಗಲವಾದ ತಟ್ಟೆಗಳು, ಒಂದು ಲೆಕ್ಕದ ಪುಸ್ತಕ: ಇವಿಷ್ಟರಿಂದ ಬಡ ಪೆಸಾಂತ್ರೆನ್ ಕೂಡ ಕೆಲಸವನ್ನು ಆರಂಭಿಸಬಹುದು. ನಮ್ಮ ವಿದ್ಯಾರ್ಥಿನಿಲಯಗಳ ಅಡುಗೆಮನೆಗಳಿಗೂ ಈ ಮಾತು ಸಲ್ಲುತ್ತದೆ.